‘ಅವಳಿಗಾಗಿ’ ಎಂಬ ಅಡುಗೆ

ಮಗಳು ಬೆಂಗಳೂರಿನಿಂದ ಬಂದಾಗಲೆಲ್ಲ ಒಂದು ಹೊಸ ಅಡುಗೆಯ ಕಥೆ ತರುತ್ತಾಳೆ. ಈ ಸಲ ತಂದದ್ದು ಸ್ಪೇನ್ ದೇಶದ್ದು. ಅಲ್ಲಿ ‘ಪಾಯೇಯ’ ಎಂಬ ಅನ್ನದ ಅಡುಗೆ ಇದೆ. ಹಿಂದೆ ಯಾರೋ ಒಬ್ಬ ತನ್ನ ಪ್ರೇಯಸಿಗೆಂದು ಅದನ್ನು ಮೊದಲು ಮಾಡಿದನಂತೆ. ಸ್ಪ್ಯಾನಿಷಿನಲ್ಲಿ ‘ಪಾರಾ ಏಯ’ ಅಂದರೆ ‘ಅವಳಿಗಾಗಿ’. ಅದೇ ಬಾಯಲ್ಲಿ ಸವೆದು ಪಾಯೇಯ ಆಯಿತಂತೆ. “ಎಷ್ಟು ಚೆಂದ ಅಲ್ವಾ ಅಮ್ಮ?” ಅಂದಳು. ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದ ನನಗೂ ಚೆಂದವೆಂದೇ ಅನ್ನಿಸಿತು.

ಆದರೆ ಮನಸ್ಸು ತಡೆಯಲಿಲ್ಲ, ಹುಡುಕಿ ಓದಿದೆ. ಕಥೆ ಚೆಂದವೇ ಹೌದು, ನಿಜ ಮಾತ್ರ ಅಲ್ಲ. ಸ್ಪೇನಿನ ಪೂರ್ವ ಕರಾವಳಿಯ ವೇಲೆನ್ಸಿಯಾದವರ ಮಾತಿನಲ್ಲಿ ಈ ಪದಕ್ಕೆ ಬಾಣಲೆ ಎಂದೇ ಅರ್ಥ. ಅದರ ಮೂಲ ಲ್ಯಾಟಿನ್ನಿನ ‘ಪಟೆಲ್ಲಾ’, ಅಂದರೆ ಸಣ್ಣ ಅಗಲ ಪಾತ್ರೆ. ಮಂಡಿನೋವೆಂದು ಹೋದರೆ ಡಾಕ್ಟರು ಮಂಡಿಚಿಪ್ಪಿಗೆ ‘ಪಟೆಲ್ಲಾ’ ಎನ್ನುತ್ತಾರಲ್ಲ, ಅದೇ ಪದ. ನಿಂತು ನಿಂತು ಅಡುಗೆ ಮಾಡುವ ನಮಗೆ ಈ ನಂಟು ಬೇಗ ಅರ್ಥವಾಗುತ್ತದೆ!

ಪಾತ್ರೆಯ ಹೆಸರು ಅಡುಗೆಗೆ ಬಂದದ್ದರಲ್ಲಿ ಅಚ್ಚರಿಯಿಲ್ಲ. ನಮ್ಮ ತಟ್ಟೆ ಇಡ್ಲಿಯೂ ಹಾಗೇ ಅಲ್ಲವೆ? ಆ ಬಾಣಲೆ ಆಳವಿಲ್ಲದ್ದು, ಬಲು ಅಗಲ, ಎರಡು ಹಿಡಿ. ಅಕ್ಕಿ ತೆಳ್ಳಗೆ ಹರಡಿ ಬೇಯಬೇಕು, ಕೈಯಾಡಿಸಕೂಡದು. ವೇಲೆನ್ಸಿಯಾದ ಪಕ್ಕದಲ್ಲೇ ಅಲ್ಬುಫೇರಾ ಎಂಬ ಸರೋವರ, ಸುತ್ತ ಭತ್ತದ ಗದ್ದೆ. ಅಕ್ಕಿಯನ್ನು ಆ ನಾಡಿಗೆ ತಂದವರು ಅರಬರು. ಕೋಳಿ, ಮೊಲ, ಚಪ್ಪಟೆ ಹುರುಳಿಕಾಯಿ, ದೊಡ್ಡ ಬಿಳಿ ಅವರೆಯಂಥ ಕಾಳು, ಟೊಮೆಟೊ, ಕೇಸರಿ, ಆಲಿವ್ ಎಣ್ಣೆ – ಇವು ಅಲ್ಲಿನ ಹಳೆಯ ರೀತಿಯ ಸಾಮಾನು. ತಳ ಹಿಡಿದ ಅನ್ನಕ್ಕೆ ‘ಸೊಕರ್ರಾತ್’ ಎಂದು ಹೆಸರು. ಅದಕ್ಕಾಗಿ ಪೈಪೋಟಿಯೇ ನಡೆಯುತ್ತದೆ. ನಮ್ಮಲ್ಲಿ ತಳ ಹಿಡಿದರೆ ಬೈಗಳು ಅಮ್ಮನಿಗೆ, ಅನ್ನವೂ ಅಮ್ಮನಿಗೇ.

2021ರಲ್ಲಿ ವೇಲೆನ್ಸಿಯಾದ ಪ್ರಾಂತ್ಯ ಸರ್ಕಾರ ಪಾಯೇಯವನ್ನು ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಸಂತೋಷ. ಆದರೂ ಆ ‘ಅವಳಿಗಾಗಿ’ ಕಥೆಯ ಮೇಲೆ ನನ್ನ ತಕರಾರು ಉಳಿದೇ ಇದೆ. ಪಾಯೇಯ ಭಾನುವಾರದ ಅಡುಗೆ. ಬಯಲಿನಲ್ಲಿ ಸೌದೆಯ ಉರಿ, ಸುತ್ತ ನೆಂಟರಿಷ್ಟರು. ಅಂದು ಸೌಟು ಹಿಡಿಯುವವರು ಹೆಚ್ಚಾಗಿ ಗಂಡಸರು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ದಿನ ಅವನು ಅವಳಿಗಾಗಿ ಮಾಡಿದರೆ ಅದು ಕಥೆಯಾಗುತ್ತದೆ, ಹೆಸರಾಗುತ್ತದೆ. ಮಿಕ್ಕ ಆರು ದಿನ ಅವಳು ಎಲ್ಲರಿಗಾಗಿ ಮಾಡಿದ್ದಕ್ಕೆ ಕಥೆಯೂ ಇಲ್ಲ, ಹೆಸರೂ ಇಲ್ಲ. ನಮ್ಮವರು ವರ್ಷಗಳ ಹಿಂದೊಮ್ಮೆ ಮಾಡಿದ ಉಪ್ಪಿಟ್ಟಿನ ಸುದ್ದಿ ಇಂದಿಗೂ ನೆಂಟರ ಮನೆಗಳಲ್ಲಿ ಓಡಾಡುತ್ತಿದೆ. ಅದಕ್ಕೆ ಮುಂಚೆ, ಆಮೇಲೆ ನಾನು ಮಾಡಿದ ಉಪ್ಪಿಟ್ಟುಗಳ ಲೆಕ್ಕ ಯಾರಿಟ್ಟಿದ್ದಾರೆ?

ಹುಡುಕಾಟದಲ್ಲಿ ಇನ್ನೊಂದು ಪದ ಸಿಕ್ಕಿತು: ‘ಪಾಯೇಯೇರಾ’. ಸ್ಪೇನಿನ ಬೇರೆ ಕಡೆ ಬಾಣಲೆಯನ್ನು ಹೀಗೆ ಕರೆಯುತ್ತಾರೆ. ವೇಲೆನ್ಸಿಯಾದ ಹಲವರಿಗೆ ಇದು ಒಪ್ಪಿಗೆಯಿಲ್ಲ. ಬಾಣಲೆಯ ಹೆಸರು ಪಾಯೇಯ, ಪಾಯೇಯೇರಾ ಎಂದರೆ ಅದನ್ನು ಮಾಡುವ ಹೆಂಗಸು ಎಂದು ಅವರ ವಾದ. ಪ್ರೇಮಕಥೆ ಕಟ್ಟಿದವರಿಗೆ ಕಾಣದ ‘ಅವಳು’ ಇಲ್ಲಿದ್ದಾಳೆ, ತಟ್ಟೆಯ ಮುಂದೆ ಕುಳಿತವಳಾಗಿ ಅಲ್ಲ, ಉರಿಯ ಮುಂದೆ ನಿಂತವಳಾಗಿ.

ಮಗಳಿಗೆ ಇದನ್ನೆಲ್ಲ ಹೇಳಿದೆ. “ನಿನ್ನಿಂದ ಒಂದು ಒಳ್ಳೆ ಕಥೆ ಹಾಳಾಯ್ತು” ಎಂದು ನಕ್ಕಳು. ಆ ರಾತ್ರಿ ಅನ್ನ ತಳ ಹಿಡಿದಿತ್ತು. ನಾನು ಕೈ ಹಾಕುವ ಮೊದಲೇ ಅವಳು ಪಾತ್ರೆ ಎಳೆದುಕೊಂಡು, ಕೆರೆದು, ಅರ್ಧ ನನ್ನ ತಟ್ಟೆಗೆ, ಅರ್ಧ ಅವರಪ್ಪನ ತಟ್ಟೆಗೆ ಹಾಕಿದಳು. ಅವರು ಮಾತಾಡದೆ ತಿಂದರು.