ಇರುಳ ಹಾರಾಟ: ಕಾರ್ಯಪ್ರವಾಸದ ಒಂದು ಕಾದಂಬರಿ

ಪ್ರಿಯರು ಬೇರೆಬೇರೆ ದೇಶಗಳಲ್ಲಿರಬೇಕಾಗಿ ಬರುವುದೇ ಪ್ರವಾಸವಿಪ್ರಲಂಭವೆಂದು ಹೇಳಿ, ಆಲಂಕಾರಿಕರು ಅದಕ್ಕೆ ಕಾರ್ಯ, ಶಾಪ, ಸಂಭ್ರಮಗಳೆಂಬ ಮೂರು ಕಾರಣಗಳನ್ನು ಎಣಿಸಿದ್ದಾರೆ. ಧನಂಜಯನ ದಶರೂಪಕದಲ್ಲಿಯೂ ವಿಶ್ವನಾಥನ ಸಾಹಿತ್ಯದರ್ಪಣದಲ್ಲಿಯೂ ಕಾರ್ಯಕ್ಕೇ ಮೊದಲ ಸ್ಥಾನ. ಆದರೆ ಕವಿಗಳ ಒಲವು ಶಾಪದ ಕಡೆಗೆ ಹರಿಯಿತು. ಯಕ್ಷನು ಒಡೆಯನ ಶಾಪಕ್ಕೆ ಗುರಿಯಾಗಿ ಒಂದು ವರ್ಷ ರಾಮಗಿರಿಯಲ್ಲಿ ಕೊರಗಿದನು. ಅವನ ಪಾಲಿಗೆ ಮೇಘದೂತ ದೊರೆಯಿತು. ಸರಕು ಮಾರಲು ಹೋದ ಶೆಟ್ಟಿಗಾಗಲಿ, ಓಲೆ ಹೊತ್ತು ಹೋದ ಹರಿಕಾರನಿಗಾಗಲಿ ಅಷ್ಟು ದೊಡ್ಡ ಮೋಡ ಒದಗಲಿಲ್ಲ. ಪ್ರಾಕೃತ ಗಾಥೆಗಳಲ್ಲಿ ಪಥಿಕನ ಹೆಂಡತಿಯ ನಿಟ್ಟುಸಿರು ಕೇಳಿಬರುವುದುಂಟು. ಅಲ್ಲಿಯೂ ಆ ಪಥಿಕನು ಕೈಕೊಂಡ ಕೆಲಸವೇನು, ಅದು ಇಷ್ಟು ಅಗಲಿಕೆಗೆ ತಕ್ಕುದೇ ಎಂದು ಕವಿಯು ವಿಚಾರಿಸುವುದು ಅಪೂರ್ವ.

ಫ್ರೆಂಚ್ ಲೇಖಕ ಆಂತ್ವಾನ್ ದ ಸೇಂತ್-ಎಕ್ಸುಪೆರಿಯು 1931ರಲ್ಲಿ ಪ್ರಕಟಿಸಿದ ‘ವೋಲ್ ದ ನ್ವಿ’, ಎಂದರೆ ‘ಇರುಳ ಹಾರಾಟ’, ಈ ವಿಚಾರಣೆಯನ್ನೇ ಕಥೆಯಾಗಿಸಿಕೊಂಡ ಕಿರುಕಾದಂಬರಿ. ಆಂದ್ರೆ ಜೀದನು ಇದಕ್ಕೆ ಮುನ್ನುಡಿ ಬರೆದನು. ಆ ವರ್ಷದ ಫೆಮಿನಾ ಬಹುಮಾನ ಇದಕ್ಕೆ ಸಂದಿತು. ಅದಕ್ಕಿಂತ ಮುಖ್ಯವಾದುದು, ಗ್ರಂಥಕರ್ತನು ಕಂಡುಂಡುದನ್ನೇ ಬರೆದನೆಂಬುದು. 1926ರಲ್ಲಿ ತುಲೂಸಿನ ಅಂಚೆವಿಮಾನದ ಕಂಪನಿಯನ್ನು ಸೇರಿದ ಅವನು ಆಫ್ರಿಕದ ಮರಳುಗಾಡಿನ ಮೇಲೆ ಅಂಚೆ ಸಾಗಿಸಿ, 1929ರಲ್ಲಿ ಆರ್ಜೆಂಟೀನಕ್ಕೆ ಹೋದನು.

ಕಥೆ ಒಂದೇ ರಾತ್ರಿಯದು. ಪೆಟಗೋನಿಯ, ಚಿಲಿ, ಪರಗ್ವೇಗಳಿಂದ ಮೂರು ಅಂಚೆವಿಮಾನಗಳು ಬ್ಯೂನಸ್ ಐರಿಸ್ ನಗರಕ್ಕೆ ಬರಬೇಕು. ಅವುಗಳ ಚೀಲಗಳನ್ನು ಹೊತ್ತು ನಾಲ್ಕನೆಯದು ಯೂರೋಪಿನ ಕಡೆಗೆ ಹೊರಡಬೇಕು. ಚಿಲಿಯಿಂದ ಬಂದ ಪೆಲೆರಾನ್ ಆಂಡೀಸ್ ಪರ್ವತದ ಬಿರುಗಾಳಿಯಿಂದ ಪಾರಾಗಿ ಇಳಿಯುತ್ತಾನೆ. ಪೆಟಗೋನಿಯದಿಂದ ಹೊರಟ ಫಾಬಿಯೆನ್ ಚಂಡಮಾರುತಕ್ಕೆ ಸಿಕ್ಕಿ ಮರಳುವುದೇ ಇಲ್ಲ. ಇರುಳಲ್ಲಿ ಹಾರಬೇಕೇಕೆ ಎಂಬುದಕ್ಕೆ ಅಧಿಕಾರಿ ರಿವಿಯೇರನ ಉತ್ತರ ವ್ಯಾಪಾರಿಯದು: ಹಗಲಲ್ಲಿ ರೈಲು, ಹಡಗುಗಳಿಗಿಂತ ಮುಂದೆ ಹೋದಷ್ಟನ್ನೂ ರಾತ್ರಿ ನಿಂತುಕೊಂಡರೆ ಕಳೆದುಕೊಳ್ಳಬೇಕಾಗುತ್ತದೆ.

ಈ ರಿವಿಯೇರನ ಪಾತ್ರವೇ ಕೃತಿಯ ಬಲ, ತೊಡಕೂ ಅದೇ. ಮಂಜಿನಿಂದ ತಡವಾದರೂ ಅವನು ಚಾಲಕನ ಭತ್ಯವನ್ನು ಕತ್ತರಿಸುವನು. ಇಪ್ಪತ್ತು ವರ್ಷ ದುಡಿದ ಮುದಿ ಯಂತ್ರಕರ್ಮಿಯನ್ನು ಒಂದು ತಪ್ಪಿಗಾಗಿ ತೆಗೆದುಹಾಕುವನು. ಅವನು ಕಲ್ಲೆದೆಯವನಲ್ಲ. ಸೇತುವೆ ಕಟ್ಟುವಾಗ ಒಬ್ಬ ಕೂಲಿಯ ಮುಖ ಜಜ್ಜಿಹೋದರೆ ಆ ಸೇತುವೆಗೆ ಅಷ್ಟು ಬೆಲೆಯುಂಟೆ ಎಂಬ ಪ್ರಶ್ನೆ ಅವನನ್ನು ಕಾಡುತ್ತದೆ. ಪ್ರಶ್ನೆಯನ್ನು ಎತ್ತುವಲ್ಲಿ ಗ್ರಂಥಕರ್ತನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಉತ್ತರಕ್ಕೆ ಬಂದಾಗ ಅವನು ಪೆರುವಿನ ಪ್ರಾಚೀನ ಸೂರ್ಯದೇವಾಲಯವನ್ನು ತಂದು ನಿಲ್ಲಿಸಿ, ವ್ಯಕ್ತಿ ಅಳಿದರೂ ಉಳಿಯತಕ್ಕದ್ದೊಂದಿದೆಯೆಂದು ಹೇಳಿಸುತ್ತಾನೆ. ಅಂಚೆಯ ಚೀಲಕ್ಕೂ ದೇವಾಲಯದ ಕಲ್ಲಿಗೂ ಇರುವ ಅಂತರವನ್ನು ಈ ಉಪಮೆ ಮರೆಸುತ್ತದೆ. ಚೀಲದೊಳಗೆ ಇರುವುದೂ ಅಗಲಿದವರ ಕಾಗದಗಳೇ ಅಲ್ಲವೇ? ಒಂದು ಮನೆಯ ವಿರಹವನ್ನು ತಗ್ಗಿಸಲು ಇನ್ನೊಂದು ಮನೆಗೆ ವಿರಹವುಂಟಾಗಬೇಕು. ಉಪಮೆಯನ್ನು ಹುಡುಕುವುದಕ್ಕೆ ಪೆರುವಿನವರೆಗೆ ಹೋಗಬೇಕಾಗಿರಲಿಲ್ಲ.

ಇಬ್ಬರು ಗೃಹಿಣಿಯರ ಚಿತ್ರಗಳಲ್ಲಿ ಕೃತಿಯು ಹೆಚ್ಚು ಎತ್ತರಕ್ಕೆ ಏರುತ್ತದೆ. ಯೂರೋಪಿನ ವಿಮಾನವನ್ನು ನಡೆಸಬೇಕಾದವನ ಹೆಂಡತಿ ನಡುರಾತ್ರಿ ಎಚ್ಚರಗೊಂಡು, ಗಂಡನು ಇನ್ನೂ ಸ್ವಲ್ಪ ಮಲಗಲಿ ಎಂದುಕೊಳ್ಳುತ್ತಾಳೆ. ಅವನು ಎದ್ದು ಕಿಟಕಿಯಿಂದ ಆಕಾಶವನ್ನು ನೋಡಿದೊಡನೆ, ಇನ್ನೂ ಅಂಗಿ ತೊಡುವ ಮುನ್ನವೇ, ಮನೆಯಿಂದ ಹೊರಟುಹೋಗಿರುವನೆಂಬುದು ಅವಳಿಗೆ ತಿಳಿಯುತ್ತದೆ. ಪದೇಪದೇ ಹೊರಡುವವರ ಮನೆಗಳಲ್ಲಿ ಈ ಗಳಿಗೆ ಅಪರಿಚಿತವಲ್ಲ.

ಎರಡನೆಯವಳು ಫಾಬಿಯೆನ್ನನ ಹೆಂಡತಿ. ಮದುವೆಯಾಗಿ ಆರು ವಾರ. ಗಂಡನು ಈಗ ಟ್ರೆಲ್ಯೂ ಬಿಟ್ಟಿರಬೇಕು, ಈಗ ಸ್ಯಾನ್ ಆಂಟೋನಿಯೋ ಸಮೀಪಿಸಿರಬೇಕು ಎಂದು ಪ್ರತಿಸಲವೂ ಲೆಕ್ಕ ಹಾಕುತ್ತ ಕೂಡುವವಳು. ಯಕ್ಷಪತ್ನಿ ಹೂಗಳನ್ನಿಟ್ಟು ದಿನ ಎಣಿಸಿದಳು. ಇವಳು ಊರುಗಳನ್ನು ಎಣಿಸುತ್ತಾಳೆ. ಲೆಕ್ಕ ತಪ್ಪಿದಾಗ ಕಚೇರಿಗೇ ಬರುತ್ತಾಳೆ. ಗುಮಾಸ್ತರು ಕಣ್ಣು ತಪ್ಪಿಸುತ್ತಾರೆ. ಮನೆಯ ದೀಪ, ಬಡಿಸಿಟ್ಟ ಮೇಜು, ಇವುಗಳಿಗೂ ಒಂದು ಸತ್ಯವಿದೆ, ಅದು ತನ್ನ ಸತ್ಯಕ್ಕಿಂತ ಕಿರಿದಲ್ಲ ಎಂದು ರಿವಿಯೇರನು ಮನಸ್ಸಿನಲ್ಲಿ ಒಪ್ಪುತ್ತಾನೆ. ಬಾಯಲ್ಲಿ ಹೇಳಲು ಅವನಲ್ಲಿ ಏನೂ ಇಲ್ಲ. ಇಷ್ಟು ಸಮನಾದ ಎದುರಾಳಿಯನ್ನು ಸೃಷ್ಟಿಸಿ, ಲೇಖಕನು ಕೆಲವೇ ಪುಟಗಳಲ್ಲಿ ಅವಳನ್ನು ಮನೆಗೆ ಕಳುಹಿಸಿಬಿಡುವುದು ಕೃತಿಯ ನಿಜವಾದ ಕೊರತೆ. ಸಾಯುವ ಫಾಬಿಯೆನ್ನನಿಗೆ ಮೋಡಗಳ ಮೇಲಿನ ನಕ್ಷತ್ರಲೋಕವೇ ದೊರೆಯುತ್ತದೆ. ಅವಳಿಗೆ ಹಿಂತಿರುಗುವ ಬೀದಿಯೂ ದೊರೆಯುವುದಿಲ್ಲ.

1939ರ ‘ತೇರ್ ದೆ ಜೋಮ್’ ಎಂಬ ಗ್ರಂಥದಲ್ಲಿ ಲೇಖಕನು ಈ ಸಾಲವನ್ನು ತೀರಿಸಲೆತ್ನಿಸಿದಂತೆ ತೋರುತ್ತದೆ. 1930ರಲ್ಲಿ ಆಂಡೀಸಿನ ಹಿಮದಲ್ಲಿ ಬಿದ್ದ ಗೆಳೆಯ ಗಿಯೋಮೆ ಅಲ್ಲಿ ಬರುತ್ತಾನೆ. ಇನ್ನು ಏಳಲಾರೆನೆಂದು ಮಲಗಿದವನಿಗೆ ಹೆಂಡತಿಯ ನೆನಪಾಗುತ್ತದೆ. ಶವ ಸಿಕ್ಕದಿದ್ದರೆ ಮರಣವನ್ನು ಕಾನೂನು ಒಪ್ಪುವುದು ನಾಲ್ಕು ವರ್ಷದ ಮೇಲೆ, ಅಲ್ಲಿಯವರೆಗೆ ವಿಮೆಯ ಹಣ ಬಾರದು. ಕಾಣುವ ಬಂಡೆಯೊಂದನ್ನು ಆತು ಸಾಯೋಣವೆಂದು ಎದ್ದವನು ನಡೆಯುತ್ತಲೇ ಹೋಗಿ ಬದುಕಿಕೊಂಡನು. ಇಲ್ಲಿ ಮನೆಯು ಕಾರ್ಯದ ವೈರಿಯಾಗಿಲ್ಲ, ಕಾಲಿಗೆ ಬಲವಾಗಿದೆ.

ಇಂದಿನ ವಾಚಕನು ಈ ಕಾದಂಬರಿಯಲ್ಲಿ ತನ್ನನ್ನು ಎಲ್ಲಿ ಕಂಡುಕೊಳ್ಳುವನು? ಬೆಂಗಳೂರಿನಿಂದ ನಡುರಾತ್ರಿಯ ವಿಮಾನ ಹಿಡಿದು ಮೇಲಿಂದ ಮೇಲೆ ಸಮುದ್ರ ದಾಟುವ ಎಂಜಿನಿಯರನು ಫಾಬಿಯೆನ್ನನಲ್ಲ. ಅವನ ನಿದ್ದೆ ಒಂದು ದೇಶದ ಗಡಿಯಾರದಲ್ಲಿ, ಹಸಿವು ಇನ್ನೊಂದರ ಗಡಿಯಾರದಲ್ಲಿ. ಅವನಿಗಿರುವುದು ಅಪಾಯವಲ್ಲ, ಬೇಸರ. ಮನೆಯವರು ಇಂದು ಕೈಯಲ್ಲಿ ಹಿಡಿದ ಫೋನಿನ ಮೇಲೆ ವಿಮಾನದ ಚುಕ್ಕೆಯನ್ನು ನೋಡುತ್ತ ಅದೇ ಊರೆಣಿಕೆಯನ್ನು ಮಾಡುತ್ತಾರೆಂಬುದು ನಿಜ. ಆದರೆ ಈ ಪ್ರವಾಸಿಗನ ನಿಜವಾದ ಜೊತೆಗಾರನು ತನಿಖೆಯ ಅಧಿಕಾರಿ ರೋಬಿನೋ. ಊರೂರು ತಿರುಗುವುದೇ ಅವನ ಉದ್ಯೋಗ. ಎಲ್ಲಿಯೂ ಅವನಿಗೆ ಸ್ನೇಹಿತರಿಲ್ಲ. ಒಂದು ಸಂಜೆ ಅವನು ಪೆಲೆರಾನನನ್ನು ಊಟಕ್ಕೆ ಕರೆದೊಯ್ದು, ತನ್ನ ಚರ್ಮರೋಗದ ಸಂಗತಿಯನ್ನು ಹೇಳಿಕೊಂಡು, ಪೆಟ್ಟಿಗೆ ಬಿಚ್ಚಿ, ಸಹಾರದಿಂದ ತಂದ ಕಪ್ಪು ಕಲ್ಲುಗಳನ್ನು ತೋರಿಸುತ್ತಾನೆ. ಬಾಳಿನಲ್ಲಿ ಅವನಿಗೆ ಸೊಗಸೆನಿಸಿದ್ದು ಆ ಕಲ್ಲುಗಳೊಂದೇ. ಅಷ್ಟು ಸಲಿಗೆಯೂ ಅಧಿಕಾರಕ್ಕೆ ಸಲ್ಲದೆಂದು ರಿವಿಯೇರನು ಅವನ ಕೈಯಿಂದಲೇ ಪೆಲೆರಾನನಿಗೆ ದಂಡನೆಯ ಆಜ್ಞೆ ಬರೆಸುತ್ತಾನೆ.

ಲೇಖಕನು ರೋಬಿನೋನನ್ನು ನಗೆಗೀಡುಮಾಡಲೆಂದೇ ಹೊರಟವನು. ಸಾಹಸಿಗಳಿಗೆ ಇಂಥವರ ಮೇಲೆ ಕನಿಕರ ಕಡಮೆ. ಆದರೂ ಲೇಖನಿಯು ಒಡೆಯನಿಗಿಂತ ಉದಾರವಾಯಿತು. ಫಾಬಿಯೆನ್ನನ ಆಸೆ ತೀರಿದ ಮೇಲೆ, ರಿವಿಯೇರನನ್ನು ಸಂತೈಸಬೇಕೆಂದು ಅವನ ಕೋಣೆಗೆ ಹೋಗುವವನು ಈ ರೋಬಿನೋ ಒಬ್ಬನೇ. ಬಾಗಿಲು ದಾಟಿದೊಡನೆ ಮಾತು ಮರೆತುಹೋಗಿ, ತಮ್ಮ ಅಪ್ಪಣೆಯನ್ನು ಪಡೆಯಲು ಬಂದೆನೆನ್ನುತ್ತಾನೆ. ರಿವಿಯೇರನು ಗಡಿಯಾರವನ್ನು ನೋಡಿ, ಪರಗ್ವೇಯ ವಿಮಾನವು ಎರಡು ಗಂಟೆ ಹತ್ತು ನಿಮಿಷಕ್ಕೆ ಇಳಿಯುವುದು, ಯೂರೋಪಿನದು ಎರಡೂಕಾಲಿಗೆ ಹೊರಡಲಿ ಎಂದು ಅಪ್ಪಣೆ ಕೊಡುತ್ತಾನೆ.