ಜಪಾನೀ ಭಾಷಾಧ್ಯಯನದ ವಿದ್ಯಾರ್ಥಿವೇತನಗಳು: ಒಂದು ವಿಮರ್ಶೆ

ಪರದೇಶಕ್ಕೆ ಹೋಗಿ ವಿದ್ಯೆಯನ್ನು ಸಂಪಾದಿಸುವ ಪದ್ಧತಿ ಜಪಾನಿಗೆ ಹೊಸದಲ್ಲ. ಕ್ರಿ.ಶ. 804ರಲ್ಲಿ ಕೂಕಾಯ್ ಎಂಬ ಭಿಕ್ಷು ರಾಜ್ಯದ ದೂತಮಂಡಲಿಯೊಡನೆ ಚೀನಾ ದೇಶಕ್ಕೆ ತೆರಳಿದನು. ಇಪ್ಪತ್ತು ವರ್ಷ ಅಲ್ಲಿದ್ದು ಕಲಿಯಬೇಕೆಂಬುದು ಅವನಿಗೆ ಗೊತ್ತುಮಾಡಿದ್ದ ಅವಧಿ. ಆದರೆ ಅವನು ಎರಡೇ ವರ್ಷಗಳಲ್ಲಿ, 806ರಲ್ಲಿ, ಹಿಂದಿರುಗಿದನು. ಅಷ್ಟರಲ್ಲಿ ಅವನು ಪ್ರಜ್ಞನೆಂಬ ಭಿಕ್ಷುವಿನ ಬಳಿ ಸಂಸ್ಕೃತವನ್ನು ಅಭ್ಯಾಸಮಾಡಿದ್ದನು. ‘ಸಿದ್ಧಂ’ ಎಂಬ ಭಾರತೀಯ ಲಿಪಿಯ ವ್ಯಾಸಂಗಕ್ಕೆ ತನ್ನ ನಾಡಿನಲ್ಲಿ ದೃಢವಾದ ತಳಹದಿಯನ್ನು ಹಾಕಿದನು. ಈ ವ್ಯಾಸಂಗಪರಂಪರೆಯ ಫಲವಾಗಿಯೇ ಇಂದಿಗೂ ಜಪಾನೀ ವರ್ಣಮಾಲೆ ಅ ಇ ಉ ಎ ಒ ಎಂದು ಆರಂಭವಾಗಿ, ಕ ಸ ತ ನ ಹ ಮ ಯ ರ ವ ಎಂಬ ಕ್ರಮದಲ್ಲಿ ಸಾಗುತ್ತದೆ. ಚವರ್ಗದ ಸ್ಥಾನದಲ್ಲಿ ‘ಸ’ವೂ ಪವರ್ಗದ ಸ್ಥಾನದಲ್ಲಿ ‘ಹ’ವೂ ನಿಂತಿರುವುದಕ್ಕೆ ಆ ಭಾಷೆಯ ಪ್ರಾಚೀನ ಉಚ್ಚಾರಣೆಯೇ ಕಾರಣವೆಂಬುದನ್ನು ಬಲ್ಲವರಿಗೆ ಆ ಕ್ರಮ ನಮ್ಮ ವರ್ಣಮಾಲೆಯದೇ ಎಂಬುದು ಸ್ಪಷ್ಟವಾಗುತ್ತದೆ.

ವಿದೇಶ ವ್ಯಾಸಂಗವನ್ನು ಅಳೆಯಬೇಕಾದ ಮಾನದಂಡ ಯಾವುದೆಂಬುದನ್ನು ಈ ನಿದರ್ಶನ ಸೂಚಿಸುತ್ತದೆ. ಹೋದವನು ಎಷ್ಟು ಕಾಲ ಇದ್ದನು, ಯಾವ ಪದವಿಯನ್ನು ಪಡೆದನು ಎಂಬುದಕ್ಕಿಂತ, ಹಿಂದಿರುಗಿ ಬಂದು ಸ್ವಭಾಷೆಗೆ ಏನನ್ನು ಕೊಟ್ಟನು ಎಂಬುದೇ ಮುಖ್ಯ. ಜಪಾನೀ ಭಾಷೆಯನ್ನೂ ಸಂಸ್ಕೃತಿಯನ್ನೂ ಕಲಿಯಲು ಇಂದು ದೊರೆಯುತ್ತಿರುವ ವಿದ್ಯಾರ್ಥಿವೇತನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆಧುನಿಕ ಜಪಾನಿನಿಂದಲೇ ಇನ್ನೆರಡು ನಿದರ್ಶನಗಳನ್ನು ತೆಗೆದುಕೊಳ್ಳಬಹುದು. ಕುಮಾಮೊತೊ ನಗರದಲ್ಲಿ ಅಧ್ಯಾಪಕನಾಗಿದ್ದ ನತ್ಸುಮೆ ಸೋಸೆಕಿಯನ್ನು ಅಲ್ಲಿನ ಶಿಕ್ಷಣ ಸಚಿವಾಲಯ 1900ರಲ್ಲಿ ವಿದ್ಯಾರ್ಥಿವೇತನ ಕೊಟ್ಟು ಇಂಗ್ಲೆಂಡಿಗೆ ಕಳುಹಿಸಿತು. ಆಜ್ಞಾಪತ್ರದಲ್ಲಿ ವ್ಯಾಸಂಗದ ವಿಷಯವೆಂದು ನಮೂದಾಗಿದ್ದುದು ಇಂಗ್ಲಿಷ್ ಭಾಷೆಯೇ ಹೊರತು ಇಂಗ್ಲಿಷ್ ಸಾಹಿತ್ಯವಲ್ಲ. ಸೋಸೆಕಿ ಈ ಭೇದವನ್ನು ಗಮನಿಸಿ, ಅಧಿಕಾರಿಗಳನ್ನು ಕಂಡು, ಅದರ ಅರ್ಥವೇನೆಂದು ವಿಚಾರಿಸಿದನು. ಲಂಡನ್ನಿನಲ್ಲಿ ಅವನಿಗೆ ಸಂದ ಹಣ ಸಾಲದಾಗಿತ್ತು. ವಿಶ್ವವಿದ್ಯಾಲಯದ ಉಪನ್ಯಾಸಗಳಿಗೆ ಹೋಗುವುದನ್ನು ಅವನು ಬೇಗನೆ ಬಿಟ್ಟನು. ಬಾಡಿಗೆಯ ಕೋಣೆಯಲ್ಲಿ ಕುಳಿತು, ಸಾಹಿತ್ಯವೆಂದರೆ ಏನು ಎಂಬ ಪ್ರಶ್ನೆಯನ್ನು ಬುಡದಿಂದಲೇ ವಿಚಾರಮಾಡಿದನು. 1907ರಲ್ಲಿ ಪ್ರಕಟವಾದ ಅವನ ಸಾಹಿತ್ಯತತ್ತ್ವದ ಗ್ರಂಥ ‘ಬುಂಗಾಕುರೋನ್’ ಆ ಏಕಾಂತದ ಫಲ. ಎರಡನೆಯವನು ಫುತಬತೆಯ್ ಶಿಮೆಯ್. ರಷ್ಯದಿಂದ ತನ್ನ ದೇಶಕ್ಕೆ ಅಪಾಯವಿದೆಯೆಂಬ ಆತಂಕದಿಂದ ರಷ್ಯನ್ ಕಲಿಯಲು ಹೊರಟ ಇವನು, ಟೋಕಿಯೊ ನಗರದ ವಿದೇಶೀ ಭಾಷಾ ಶಾಲೆಯಲ್ಲಿ ಓದುತ್ತ ಆ ಭಾಷೆಯ ಸಾಹಿತ್ಯಕ್ಕೆ ಮನಸೋತನು. 1888ರಲ್ಲಿ ತುರ್ಗೆನೆವನ ಕಥೆಯೊಂದನ್ನು ರಷ್ಯನ್ ಮೂಲದಿಂದ ನೇರವಾಗಿ ಜಪಾನೀ ಭಾಷೆಗೆ ತಂದನು. ಮೂಲದ ವಿರಾಮಚಿಹ್ನೆಗಳ ಸಂಖ್ಯೆಯನ್ನು ಕೂಡ ಉಳಿಸಿಕೊಳ್ಳಲು ಯತ್ನಿಸಿದ ಆ ಅನುವಾದ ಆಧುನಿಕ ಜಪಾನೀ ಗದ್ಯವನ್ನು ರೂಪಿಸಿದ ಕೃತಿಗಳಲ್ಲೊಂದೆನಿಸಿತು. ಆ ವೇಳೆಗೆ ಅವನು ರಷ್ಯವನ್ನು ಕಂಡಿರಲೇ ಇಲ್ಲ. ಇವೆರಡನ್ನೂ ಕೂಡಿಸಿ ನೋಡಿದರೆ ಒಂದು ಅಂಶ ವಿಶದವಾಗುತ್ತದೆ: ವೇತನ ಕೊಡುವವರ ಉದ್ದೇಶ ಒಂದು, ಕಲಿಯುವವನು ಪಡೆಯುವ ಫಲ ಇನ್ನೊಂದು, ಮನೆಯಲ್ಲಿ ನಡೆದ ಗಾಢವಾದ ಸಿದ್ಧತೆಯ ಸ್ಥಾನವನ್ನು ಪ್ರಯಾಣವೊಂದೇ ತುಂಬಲಾರದು.

ಸೋಸೆಕಿಯನ್ನು ಹೊರಕ್ಕೆ ಕಳುಹಿಸಿದ ಆ ಸಚಿವಾಲಯವೇ 1954ರಿಂದ ಹೊರಗಿನ ವಿದ್ಯಾರ್ಥಿಗಳನ್ನು ವೇತನಕೊಟ್ಟು ತನ್ನಲ್ಲಿಗೆ ಬರಮಾಡಿಕೊಳ್ಳತೊಡಗಿತು. 2001ರ ಪುನರ್ರಚನೆಯಾದಂದಿನಿಂದ ಅದು ಶಿಕ್ಷಣ, ಸಂಸ್ಕೃತಿ, ಕ್ರೀಡೆ, ವಿಜ್ಞಾನ ಮತ್ತು ತಂತ್ರಜ್ಞಾನಗಳ ಸಚಿವಾಲಯವೆನಿಸಿದೆ. ಅದರ ವೇತನವನ್ನು ‘ಮೆಕ್ಸ್ಟ್’ ವೇತನವೆಂದು ರೂಢಿಯಲ್ಲಿ ಕರೆಯುತ್ತಾರೆ. ಬೋಧನಶುಲ್ಕದಿಂದ ವಿನಾಯಿತಿ, ಹೋಗಿಬರುವ ವಿಮಾನವೆಚ್ಚ, ಮಾಸಿಕ ವೇತನ ಇವು ಇದರಲ್ಲಿ ಸೇರಿವೆ. ಈಚಿನ ವರ್ಷಗಳ ಪ್ರಕಟಣೆಗಳಲ್ಲಿ ಪದವಿ ತರಗತಿಯವರಿಗೆ ತಿಂಗಳಿಗೆ 117,000 ಯೆನ್, ಸಂಶೋಧನ ವಿದ್ಯಾರ್ಥಿಗಳಿಗೆ 143,000ದಿಂದ 145,000 ಯೆನ್ ಗೊತ್ತಾಗಿದೆ. ಇದಲ್ಲದೆ 1972ರಲ್ಲಿ ಸ್ಥಾಪಿತವಾದ ಜಪಾನ್ ಫೌಂಡೇಷನ್, ಸೈತಾಮ ಪ್ರಾಂತದ ಉರಾವದಲ್ಲಿ 1989ರಲ್ಲಿಯೂ ಓಸಕ ಪ್ರಾಂತದ ತಜಿರಿಯಲ್ಲಿ 1997ರಲ್ಲಿಯೂ ಭಾಷಾಸಂಸ್ಥೆಗಳನ್ನು ತೆರೆದಿದೆ. ಮೊದಲನೆಯದು ಮುಖ್ಯವಾಗಿ ಜಪಾನೀ ಭಾಷೆಯನ್ನು ಬೋಧಿಸುವ ಅಧ್ಯಾಪಕರಿಗೆ. ಎರಡನೆಯದರಲ್ಲಿ ಸಂಶೋಧಕರೇ ಮೊದಲಾದವರು ತಮ್ಮ ಕೆಲಸಕ್ಕೆ ಬೇಕಾದ ಭಾಷಾಜ್ಞಾನವನ್ನು ಪಡೆಯಲು ಅವಕಾಶವಿದೆ. ಜಪಾನೀ ಕೃತಿಗಳನ್ನು ಅನುವಾದಿಸಿ ಪ್ರಕಟಿಸುವುದಕ್ಕೂ ಫೌಂಡೇಷನ್ ಸಹಾಯಧನ ಕೊಡುತ್ತ ಬಂದಿದೆ. ಆದುದರಿಂದ ಅವಕಾಶಗಳಿಲ್ಲವೆಂಬ ದೂರಿಗೆ ಆಧಾರವಿಲ್ಲ.

ಆದರೆ ಈ ವೇತನಗಳ ನಿಬಂಧನೆಗಳನ್ನು ಒಂದು ಗ್ರಂಥವನ್ನು ಓದುವಂತೆ ಸಾವಧಾನವಾಗಿ ಓದಬೇಕು. ಭಾಷೆ ಮತ್ತು ಸಂಸ್ಕೃತಿ ಎರಡನ್ನೂ ನೇರವಾಗಿ ಉದ್ದೇಶಿಸಿರುವುದು ಮೆಕ್ಸ್ಟ್ ವೇತನದ ‘ಜಪಾನೀ ಅಧ್ಯಯನ’ ಎಂಬ ವಿಭಾಗ. ಸುಮಾರು ಒಂದು ವರ್ಷದ ಈ ವ್ಯಾಸಂಗಕ್ಕೆ, ಸ್ವದೇಶದ ವಿಶ್ವವಿದ್ಯಾಲಯದಲ್ಲಿ ಜಪಾನೀ ಭಾಷೆಯನ್ನೋ ಸಂಸ್ಕೃತಿಯನ್ನೋ ಮುಖ್ಯವಿಷಯವಾಗಿ ಓದುತ್ತಿರುವ ಪದವಿ ವಿದ್ಯಾರ್ಥಿಗಳೇ ಅರ್ಹರು. ಅವಧಿ ಮುಗಿದೊಡನೆ ಅವರು ತಮ್ಮ ವಿಶ್ವವಿದ್ಯಾಲಯಕ್ಕೆ ಮರಳಬೇಕು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ, ಶಾಂತಿನಿಕೇತನದ ವಿಶ್ವಭಾರತಿ ಇಂಥ ಕಡೆಗಳಲ್ಲಿ ಜಪಾನೀ ಭಾಷೆಯಲ್ಲಿ ಪದವಿಗೆ ಓದುವವರಿಗೆ ಇದು ಸಹಜವಾದ ದ್ವಾರ. ಕನ್ನಡವನ್ನೋ ಇತಿಹಾಸವನ್ನೋ ಮುಖ್ಯವಿಷಯವಾಗಿ ಓದುತ್ತ, ಸಂಜೆಯ ತರಗತಿಯಲ್ಲಿ ಜಪಾನೀ ಕಲಿಯುವ ವಿದ್ಯಾರ್ಥಿಗೆ ಈ ದ್ವಾರ ಮುಚ್ಚಿದೆ. ಅವನಿಗೆ ಉಳಿಯುವುದು ಮುಖ್ಯವಾಗಿ ಸಂಶೋಧನ ವಿಭಾಗ. ಅಲ್ಲಿ 35 ವರ್ಷದೊಳಗಿನವರಿಗೆ ಪ್ರವೇಶವುಂಟು. ಭಾಷೆ ಸಾಲದವರಿಗೆ ಆರು ತಿಂಗಳ ಸಿದ್ಧತಾ ಶಿಕ್ಷಣವೂ ಉಂಟು. ಆದರೆ ಅಭ್ಯರ್ಥಿ ತಾನು ಈಗಾಗಲೇ ಓದಿರುವ ಕ್ಷೇತ್ರದಲ್ಲಿ ಅಥವಾ ಅದಕ್ಕೆ ಸಂಬಂಧಪಟ್ಟ ಕ್ಷೇತ್ರದಲ್ಲಿ ಖಚಿತವಾದ ಸಂಶೋಧನ ಯೋಜನೆಯನ್ನು ಮುಂದಿಡಬೇಕು. ಇಲ್ಲಿ ಭಾಷೆ ಸಾಧನ, ಸಾಧ್ಯವಲ್ಲ. ಆರು ತಿಂಗಳಲ್ಲಿ ಪ್ರಯೋಗಶಾಲೆಯ ವ್ಯವಹಾರಕ್ಕೆ ಬೇಕಾದಷ್ಟು ಮಾತು ಬರಬಹುದು. ಬಾಶೋನನ್ನು ಓದುವ ಶಕ್ತಿ ಬರಲಾರದು. ನಿತ್ಯದ ಬರವಣಿಗೆಗೆಂದು ಗೊತ್ತುಮಾಡಿರುವ ಚೀನೀ ಅಕ್ಷರಗಳೇ 2,136.

ಇವುಗಳಲ್ಲಿ ಯಾವ ವೇತನವೂ ಸಾಹಿತ್ಯಾಭ್ಯಾಸಿಗೆ ಬೀಜವನ್ನು ಬಿತ್ತಿಕೊಡುವುದಿಲ್ಲ, ಮೊಳೆತ ಸಸಿಗೆ ನೀರೆರೆಯುತ್ತದೆ ಎಂದು ಹೇಳಬಹುದು. ಕೊಡುವವರ ದೃಷ್ಟಿಯಿಂದ ಇದು ಅನ್ಯಾಯವೇನೂ ಅಲ್ಲ. ಕೊರತೆ ಇರುವುದು ನಮ್ಮ ಕಡೆಯಲ್ಲಿ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿಬಂದಂದಿನಿಂದ ಬಿಡದಿಯಲ್ಲಿ ಮೋಟಾರು ಕಾರ್ಖಾನೆ ಬಂದ ಈ ಕಾಲದವರೆಗೂ ನಮ್ಮ ನಾಡು ಕಂಡ ಜಪಾನ್ ಬಹುಮಟ್ಟಿಗೆ ಕೈಗಾರಿಕೆಯ ಜಪಾನ್. ಅದರಿಂದ ನಮಗೆ ಲಾಭವಾಗಿದೆ, ನಿಜ. ಆದರೆ ಆ ಭಾಷೆಯನ್ನು ಉದ್ಯೋಗಕ್ಕೆ ಬೇಕಾದಷ್ಟೇ ಕಲಿತು ನಿಲ್ಲಿಸುವ ಪ್ರವೃತ್ತಿಯೂ ಅದರ ಜೊತೆಗೇ ಬೆಳೆದಿದೆ. ಸಾಹಿತ್ಯದ ಜಪಾನ್ ಮಾತ್ರ ನಮಗೆ ಇಂಗ್ಲಿಷಿನ ಕಿಟಕಿಯಿಂದಲೇ ಬಹುಪಾಲು ಕಂಡಿದೆ.

ಈ ಕಿಟಕಿಯಿಂದ ನೋಡುವುದರಿಂದ ನಷ್ಟವೇನೆಂದು ಕೇಳಬಹುದು. ಹೈಕುವಿನ ಉದಾಹರಣೆಯೊಂದೇ ಸಾಕು. ಐದು, ಏಳು, ಐದು ಎಂಬ ಲೆಕ್ಕವನ್ನು ಇಂಗ್ಲಿಷಿನವರು ತಮ್ಮ ಭಾಷೆಯ ಉಚ್ಚಾರಾಂಶಗಳಿಗೆ ಹೊಂದಿಸಿಕೊಂಡರು. ಅವರನ್ನು ಅನುಸರಿಸಿ ಕನ್ನಡದಲ್ಲಿ ಹೈಕು ಬರೆಯುವ ಹಲವರು ಅಕ್ಷರಗಳನ್ನು ಎಣಿಸುತ್ತಾರೆ. ಜಪಾನೀಯರು ಎಣಿಸುವುದು ಅಕ್ಷರವನ್ನಲ್ಲ, ‘ಹಕು’ ಎಂಬ ಕಾಲಪ್ರಮಾಣವನ್ನು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಿನ ಮೊದಲ ವ್ಯಂಜನಕ್ಕೂ ಪದಾಂತ್ಯದ ನಕಾರಕ್ಕೂ ಒಂದೊಂದು. ‘ನಿಪ್ಪೊನ್’ ಎಂಬುದರಲ್ಲಿ ನಿ, ಪ್, ಪೊ, ನ್ ಎಂದು ನಾಲ್ಕು. ‘ತೋಕ್ಯೋ’ದಲ್ಲಿ ನಾಲ್ಕು. ಮೊದಲ ಸ್ವರ ಮಾತ್ರ ದೀರ್ಘವಾದ ‘ಓಸಕ’ದಲ್ಲಿಯೂ ನಾಲ್ಕು. ‘ಹೈಕು’ ಎಂಬ ಪದದಲ್ಲಿಯೇ ಮೂರು. ಕನ್ನಡ ಛಂದಸ್ಸನ್ನು ಓದಿದ ಯಾವ ವಿದ್ಯಾರ್ಥಿಯಾದರೂ ಈ ಪದಗಳಿಗೆ ಲಘುಗುರುಗಳನ್ನು ಹಾಕಿ ನೋಡಲಿ: ಮಾತ್ರೆಗಳ ಸಂಖ್ಯೆ ಪ್ರತಿಯೊಂದರಲ್ಲಿಯೂ ಅದೇ ಬರುತ್ತದೆ. ಐದು ಮಾತ್ರೆಯ ಗಣ ನಮ್ಮ ವಾರ್ಧಕ ಷಟ್ಪದಿಯ ಜೀವಾಳ. ಮೂರು ನಾಲ್ಕು ಸೇರಿ ಏಳಾಗುವ ನಡೆ ಭಾಮಿನಿಯದು. ಲಕ್ಷ್ಮೀಶ ಕುಮಾರವ್ಯಾಸರನ್ನು ಕೇಳಿ ಪಳಗಿದ ಕಿವಿಗೆ ಹತ್ತಿರವಿದ್ದ ಎಣಿಕೆಯನ್ನು ಬಿಟ್ಟು, ದೂರದ ಎಣಿಕೆಯನ್ನು ನಾವು ಇಂಗ್ಲಿಷಿನಿಂದ ಕಡ ತಂದೆವು. ಹೋಲಿಕೆ ಸಂಪೂರ್ಣವೇನೂ ಅಲ್ಲ. ‘ಒಕ್ಯಕು’, ಎಂದರೆ ಅತಿಥಿ, ಎಂಬ ಪದದಲ್ಲಿ ನಮಗೆ ಒಕಾರ ಗುರುವಾಗುತ್ತದೆ, ಅವರಿಗೆ ಆಗುವುದಿಲ್ಲ. ಇಲ್ಲಿ ಹಳಗನ್ನಡದ ಶಿಥಿಲದ್ವಿತ್ವದ ನೆನಪಾಗುತ್ತದೆ. ಕನ್ನಡ ಹೈಕು ಮಾತ್ರೆಯಲ್ಲಿಯೇ ನಡೆಯಬೇಕೆಂಬ ಶಾಸನವನ್ನೂ ಇದರಿಂದ ಹೊರಡಿಸಬೇಕಾಗಿಲ್ಲ. ಆದರೆ ಇಂಥದೊಂದು ಪ್ರಶ್ನೆ ಇಂಗ್ಲಿಷಿನ ಮೂಲಕ ಓದುವವನಿಗೆ ಹುಟ್ಟುವುದೇ ಇಲ್ಲ.

ವ್ಯಾಕರಣದಲ್ಲಿಯೂ ಹೀಗೆಯೇ. ‘ತಬೆತೆ ಮಿರು’ ಎಂಬುದು ಅಕ್ಷರಶಃ ನಮ್ಮ ‘ತಿಂದು ನೋಡು’. ‘ಕೈತೆ ಒಕು’ ಎಂಬುದು ‘ಬರೆದು ಇಡು’. ‘ತೊ’ ಎಂಬುದು ನಮ್ಮ ‘ಎಂದು’, ‘ತೊ ಯೂ’ ಎಂಬುದು ‘ಎಂಬ’. ಇಂಗ್ಲಿಷ್ ಪಠ್ಯಪುಸ್ತಕಗಳು ಹಲವು ಪುಟಗಳಲ್ಲಿ ವಿವರಿಸುವ ಈ ರಚನೆಗಳು ಕನ್ನಡಿಗನಿಗೆ ಬಾಯಿಗೆ ಬಂದಿರುವಂಥವು. ಕವಬತನ ‘ಹಿಮದೇಶ’ ಕಾದಂಬರಿಯ ಪ್ರಸಿದ್ಧವಾದ ಮೊದಲ ವಾಕ್ಯದಲ್ಲಿ ಸುರಂಗವನ್ನು ದಾಟಿದುದು ಯಾರು, ಯಾವುದು ಎಂಬ ಮಾತೇ ಇಲ್ಲ. 1956ರಲ್ಲಿ ಪ್ರಕಟವಾದ ಸೈಡೆನ್‌ಸ್ಟಿಕರನ ಇಂಗ್ಲಿಷ್ ಅನುವಾದ ರೈಲುಬಂಡಿಯನ್ನು ಕರ್ತೃವಾಗಿ ತಂದು ಕೂರಿಸುತ್ತದೆ. ಇಂಗ್ಲಿಷಿಗೆ ಅದು ಅನಿವಾರ್ಯ. ‘ದಾಟಿದರೆ’, ‘ಬಂದರೆ’ ಎಂಬಂಥ ರೂಪಗಳುಳ್ಳ ಕನ್ನಡಕ್ಕೆ ಅದು ಅನಿವಾರ್ಯವಲ್ಲ. ಆದರೂ ಇಂಗ್ಲಿಷಿನಿಂದ ಅನುವಾದಿಸುವವನು ಆ ಬಂಡಿಯನ್ನು ಕನ್ನಡಕ್ಕೂ ಎಳೆದು ತರಲೇಬೇಕು.

ಈ ಸಾದೃಶ್ಯಗಳಿಂದ ಎರಡು ಭಾಷೆಗಳಿಗೂ ರಕ್ತಸಂಬಂಧವುಂಟೆಂದು ಹೇಳುವುದು ಸಾಹಸ. ಜಪಾನಿನ ವಿದ್ವಾಂಸ ಓನೊ ಸುಸುಮು ತಮಿಳಿಗೂ ಜಪಾನೀ ಭಾಷೆಗೂ ನಂಟನ್ನು ಸ್ಥಾಪಿಸಲು ಬಹುಕಾಲ ಶ್ರಮಿಸಿದನು; ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ನಮಗೆ ಬೇಕಾದದ್ದು ವಂಶವೃಕ್ಷವಲ್ಲ, ಕಲಿಕೆಯ ಹತ್ತಿರದ ದಾರಿ.

ಆದುದರಿಂದ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಕೊಡಬೇಕಾದ ಸಲಹೆ ವೇತನಗಳ ಪಟ್ಟಿಯಲ್ಲ. ಪ್ರಕಟಣೆಗಳು ರಾಯಭಾರ ಕಚೇರಿಯಿಂದಲೂ ಬೆಂಗಳೂರಿನಲ್ಲಿರುವ ಜಪಾನೀ ಕಾನ್ಸುಲರ ಕಚೇರಿಯಿಂದಲೂ ಸುಲಭವಾಗಿ ದೊರೆಯುತ್ತವೆ. ದೊರೆಯದಿರುವುದು ಕಾಲ. ಪದವಿಯ ಮೊದಲ ವರ್ಷದಲ್ಲಿಯೇ ಭಾಷೆಯನ್ನು ಆರಂಭಿಸಿದವನು ಸ್ನಾತಕೋತ್ತರ ತರಗತಿಯನ್ನು ಮುಗಿಸುವ ಹೊತ್ತಿಗೆ ಐದು ವರ್ಷದ ಅಭ್ಯಾಸವುಳ್ಳವನಾಗಿರುತ್ತಾನೆ. 1984ರಲ್ಲಿ ಆರಂಭವಾಗಿ 2010ರಿಂದ ಐದು ಹಂತಗಳುಳ್ಳ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ ಅವನ ಪ್ರಗತಿಗೆ ಅಳತೆಗೋಲಾಗುತ್ತದೆ, ಅದೇ ಗುರಿಯಾಗಬಾರದು. ಅಂಥವನು ‘ನೋ ನಾಟಕ ಮತ್ತು ಯಕ್ಷಗಾನ’ ಎಂಬಂತಹ, ಇಂಗ್ಲಿಷ್ ಪುಸ್ತಕಗಳಿಂದಲೇ ಬರೆದು ಮುಗಿಸಬಹುದಾದ ವಿಶಾಲ ವಿಷಯವನ್ನು ಬಿಟ್ಟು, ಹಕುವಿಗೂ ಮಾತ್ರೆಗೂ ಇರುವ ಸಂಬಂಧ, ‘ಹೆಯ್ಕೆ’ಯ ಕಥೆಯನ್ನು ಬಿವ ವಾದ್ಯದೊಡನೆ ಹಾಡುತ್ತಿದ್ದವರ ವಾಚನಪದ್ಧತಿಗೂ ನಮ್ಮ ಗಮಕಕ್ಕೂ ಇರುವ ಸಾಮ್ಯಭೇದ, ಇಂಥ ಮಿತವಾದ ವಿಷಯವನ್ನು ಯೋಜನೆಯಾಗಿ ಮುಂದಿಡಬಹುದು. ಕನ್ನಡವನ್ನು ಓದಿದ್ದೇ ಆಗ ಅವನಿಗೆ ಅರ್ಹತೆಯಾಗುತ್ತದೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ಜಪಾನೀ ಭಾಷೆಯನ್ನು ಐಚ್ಛಿಕ ವಿಷಯವಾಗಿ ಅಂಗೀಕರಿಸಿ, ಮೂಲದಿಂದ ಮಾಡಿದ ಒಂದು ಸಣ್ಣ ಅನುವಾದವನ್ನು ಪ್ರಬಂಧಕ್ಕೆ ಸಮನೆಂದು ಮನ್ನಿಸುವುದು ಉಚಿತ.

ಹತ್ತು ವರ್ಷಗಳಲ್ಲಿ ಇಂಥವರು ಇಬ್ಬರೋ ಮೂವರೋ ಸಿದ್ಧರಾದರೆ ಅದು ಅಲ್ಪವಲ್ಲ. ಫುತಬತೆಯ್ ಒಬ್ಬನೇ ಇದ್ದನು. ವೇತನವನ್ನು ಕೊಡುವವರು ಜಪಾನೀಯರು. ಅದನ್ನು ಪಡೆದು ಬಂದವನ ವಿದ್ಯೆ ಯಾವ ಭಾಷೆಗೆ ಸಲ್ಲಬೇಕೆಂಬುದನ್ನು ನಿರ್ಣಯಿಸತಕ್ಕವರು ಮಾತ್ರ ನಾವೇ.