ರವಿಯ ಉಪಮೆಯೂ ರಾಷ್ಟ್ರಗಳ ಔದಾರ್ಯವೂ

ರಾಜನ ಕರಗ್ರಹಣಕ್ಕೆ ಸೂರ್ಯನ ಜಲಗ್ರಹಣವನ್ನು ಉಪಮಾನವಾಗಿ ಕಾಳಿದಾಸನು ರಘುವಂಶದ ಪ್ರಥಮಸರ್ಗದಲ್ಲಿ ಯೋಜಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹೀರಿದ ನೀರು ಮಳೆಯಾಗಿ ಮರಳುವುದೇ ಅಲ್ಲಿ ಉಪಮೆಯ ಜೀವಾಳ.

ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಆರ್ಥಿಕ ಸ್ಥಿತಿಯನ್ನು ಕುರಿತು 1902ರಲ್ಲಿ ಪ್ರಕಟವಾದ ತಮ್ಮ ಚರಿತ್ರಗ್ರಂಥದ ಮುನ್ನುಡಿಯಲ್ಲಿ ರಮೇಶಚಂದ್ರ ದತ್ತರು ಇದೇ ಉಪಮೆಯನ್ನು ಕೈಗೊಂಡು, ಈ ನೆಲದಿಂದೇರಿದ ತೇವವು ಬಹುಮಟ್ಟಿಗೆ ಪರದೇಶಗಳಲ್ಲಿ ಮಳೆಗರೆಯುತ್ತಿದೆಯೆಂದು ಆಕ್ಷೇಪಿಸಿದರು. ಉಪಮಾನವನ್ನು ಕದಲಿಸದೆ ಸಾಧಾರಣಧರ್ಮದ ಅಭಾವವನ್ನು ತೋರಿಸಿದುದು ಅವರ ಕೌಶಲ. ಕವಿಯ ಸ್ತುತಿವಾಕ್ಯವು ಹೀಗೆ ರಾಜನೀತಿಗೆ ಒರೆಗಲ್ಲಾಯಿತು.

ಈ ಒರೆಗಲ್ಲು ಇಂದಿನ ಧನಿಕರಾಷ್ಟ್ರಗಳ ನಡೆಗೂ ಸಾಲುವುದೆ? ಹತ್ತಿಯ ವ್ಯಾಪಾರವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ನಾಲ್ಕು ಬಡದೇಶಗಳು 2003ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮುಂದೆ ಮೊರೆಯಿಟ್ಟವು. ಅಮೆರಿಕಾ ಮೊದಲಾದ ಸಂಪನ್ನದೇಶಗಳು ತಮ್ಮ ಬೆಳೆಗಾರರಿಗೆ ಕೊಡುವ ಸಹಾಯಧನದಿಂದ ಹತ್ತಿಯ ಉತ್ಪತ್ತಿ ಹೆಚ್ಚಿ, ಲೋಕದ ಪೇಟೆಯಲ್ಲಿ ಬೆಲೆಯಿಳಿದು, ತಮ್ಮ ರೈತರು ನಷ್ಟಕ್ಕೀಡಾಗುತ್ತಿರುವರೆಂಬುದೇ ಆ ಮೊರೆ. ಇಲ್ಲಿ ಸೂರ್ಯನು ಅನ್ಯರ ನೀರನ್ನು ಹೀರಲಿಲ್ಲ. ತನ್ನ ನೀರನ್ನು ತನ್ನ ಹೊಲಕ್ಕೇ ಸುರಿಸಿದನು. ಆದರೂ ನೆರೆಹೊಲ ಒಣಗಿತು! ಆದಕಾರಣ, ಕೊಂಡು ಹಿಂದಿರುಗಿಸದಿರುವುದೇ ಅನ್ಯಾಯವೆಂಬ ಲಕ್ಷಣಕ್ಕೆ ಇಲ್ಲಿ ಅವ್ಯಾಪ್ತಿದೋಷವು ಬರುವುದು. ದತ್ತರ ವಾದವನ್ನು ಹಾಗೆಯೇ ಇಂದಿಗೆ ಅನ್ವಯಿಸುವವರು ಇದನ್ನು ಗಮನಿಸಬೇಕು.

ಉಪಕಾರವೇ ನಡೆದಿಲ್ಲವೆನ್ನುವುದೂ ಪಕ್ಷಪಾತವೇ ಸರಿ. ಯೂರೋಪಿನ ಒಕ್ಕೂಟವು 2001ರಿಂದ ಅತ್ಯಂತ ಹಿಂದುಳಿದ ದೇಶಗಳ ಸರಕುಗಳಿಗೆ, ಆಯುಧಗಳನ್ನು ಬಿಟ್ಟು, ಸುಂಕವಿಲ್ಲದೆ ಬಾಗಿಲನ್ನು ತೆರೆಯಿತು. ಆದರೆ ತೆರೆದ ಬಾಗಿಲು ಕುಸಿದ ಬೆಲೆಯನ್ನು ಎತ್ತಲಾರದು.

ಬ್ರೆಜಿಲ್ ದೇಶದ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ಅದು ಇದೇ ಸಹಾಯಧನದ ವಿರುದ್ಧ 2002ರಲ್ಲಿ ವ್ಯಾಜ್ಯ ಹೂಡಿ, 2005ರ ಮೇಲ್ಮನವಿಯಲ್ಲೂ ಗೆದ್ದಿತು. ಪ್ರತಿಸುಂಕದ ಬೆದರಿಕೆ ಒದಗಿದಮೇಲೆ, 2010ರಲ್ಲಿ ಅಮೆರಿಕಾ ವರ್ಷಕ್ಕೆ 14 ಕೋಟಿ 73 ಲಕ್ಷ ಡಾಲರುಗಳನ್ನು ಬ್ರೆಜಿಲಿನ ಹತ್ತಿಯ ನಿಧಿಗೆ ಕೊಡಲೊಪ್ಪಿತು. 2014ರಲ್ಲಿ 30 ಕೋಟಿ ಡಾಲರುಗಳನ್ನು ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು. ಪ್ರತೀಕಾರದ ಶಕ್ತಿಯಿಲ್ಲದ ಆ ನಾಲ್ಕು ದೇಶಗಳಿಗೆ ಅಂತಹ ಒಪ್ಪಂದವು ಲಭಿಸಲಿಲ್ಲ. ಬಲವನ್ನು ಕಂಡು ತೆತ್ತುದು ದಾನವೂ ಅಲ್ಲ, ನ್ಯಾಯವೂ ಅಲ್ಲ; ಕೇವಲ ಸಂಧಿ.

2015ರ ನೈರೋಬಿ ಸಮ್ಮೇಳನದಲ್ಲಿ ಕೃಷಿಯ ರಫ್ತಿಗೆ ಕೊಡುವ ಸಹಾಯಧನವನ್ನು ತೊಡೆದುಹಾಕಲು ನಿಶ್ಚಯವಾಯಿತು. ದೇಶದೊಳಗಿನ ಸಹಾಯಧನವು ಮಾತ್ರ ಉಳಿದುಕೊಂಡಿತು. ಆದುದರಿಂದ ಧನಿಕರಾಷ್ಟ್ರವು ಬಡರಾಷ್ಟ್ರಕ್ಕೆ ಏನನ್ನು ಕೊಟ್ಟಿತೆಂಬುದನ್ನಷ್ಟೇ ಎಣಿಸಿದರೆ ವಿಮರ್ಶೆಯು ಅರೆಯಾಗುವುದು. ತನ್ನ ಹೊಲದಲ್ಲಿ ಅದು ಮಾಡಿದುದರ ಫಲವನ್ನು ನೆರೆಹೊಲದಲ್ಲಿ ನಿಂತು ನೋಡತಕ್ಕದ್ದು.